ಆಫೀಸ್ ಅಪ್ಲಿಕೇಶನ್‌ಗೆ ಯಾವ ಕ್ಲೌಡ್? ಮೂರೇ ಜನರ ತಂಡ, ಪಟ್ಟಿ ನೋಡಿ ತಲೆ ಕೆಟ್ಟಿದೆ

ಗೊಂದಲದಗೂಡು:

ನಮಸ್ಕಾರ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನಮ್ಮ ಕಂಪನಿಯ ಆರ್ಡರ್, ಸ್ಟಾಕ್, ಬಿಲ್ ಅಪ್ರೂವಲ್ ಎಲ್ಲವೂ ನಾವೇ ಬರೆದ ಒಂದು ಅಪ್ಲಿಕೇಶನ್‌ನಲ್ಲಿ ನಡೆಯುತ್ತದೆ. ಅದು ಕೂತಿರುವುದು ಆಫೀಸಿನ ಮೂಲೆಯ ಒಂದೇ ಒಂದು ಸರ್ವರ್‌ನಲ್ಲಿ. ಹೋದ ತಿಂಗಳು ಅದರ ಡಿಸ್ಕ್ ಕೈಕೊಟ್ಟಿತು. ಎರಡು ದಿನ ಎಲ್ಲರೂ ಎಕ್ಸೆಲ್‌ನಲ್ಲಿ ಬರೆದುಕೊಂಡರು. ಆಮೇಲೆ ಆ ಶೀಟ್‌ಗಳನ್ನೆಲ್ಲ ವಾಪಸ್ ಸಿಸ್ಟಮ್‌ಗೆ ತುಂಬಲು ನಮಗೆ ಒಂದು ವಾರ ಹಿಡಿಯಿತು, ಅದರಲ್ಲೂ ಒಂದೇ ಆರ್ಡರ್ ಎರಡು ಶೀಟ್‌ನಲ್ಲಿ ಎರಡು ಲೆಕ್ಕದಲ್ಲಿ ಇತ್ತು, ಯಾವುದು ಸರಿ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಈಗ ಮೇಲಿನವರು "ಕ್ಲೌಡ್‌ಗೆ ಹೋಗಿ" ಎಂದಿದ್ದಾರೆ. ಯಾವ ಕ್ಲೌಡ್ ಎಂದು ಕೇಳಿದರೆ "ನೀವೇ ನೋಡಿ ಹೇಳಿ" ಅಂತ ಉತ್ತರ.

ನಾವು ಮೂರು ಜನ. ಮೂವರಿಗೂ ಪೈಥಾನ್ ಭಾಷೆ, ಅದರಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಜಾಂಗೋ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಚೆನ್ನಾಗಿ ಗೊತ್ತು. ಸರ್ವರ್ ನೋಡಿಕೊಳ್ಳುವ ಕೆಲಸ ಅಷ್ಟಕ್ಕಷ್ಟೆ. ಬಳಸುವವರು ಸುಮಾರು 150 ಜನ, ಎಲ್ಲರೂ ಒಳಗಿನವರೇ. ತಿಂಗಳ ಕೊನೆಯ ಎರಡು ದಿನ ರಿಪೋರ್ಟ್ ತೆಗೆಯುವವರ ನೂಕುನುಗ್ಗಲು, ಉಳಿದ ದಿನ ಎಲ್ಲಾ ತಣ್ಣಗೆ.

ಪಟ್ಟಿಯಲ್ಲಿ ಅಮೆಜಾನ್‌ನ ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್‌ನ ಅಜೂರ್, ಗೂಗಲ್ ಕ್ಲೌಡ್ ಇವೆ. ಒಬ್ಬರು ಕೋಡ್ ಕೊಟ್ಟರೆ ಓಡಿಸಿಕೊಡುವ ಹೆರೋಕು ಅಥವಾ ರೆಂಡರ್ ಸಾಕು ಎನ್ನುತ್ತಾರೆ. ಇನ್ನೊಬ್ಬರು ಕೋಡೇ ಬೇಡ, ಪವರ್ ಆ್ಯಪ್ಸ್, ಮೆಂಡಿಕ್ಸ್, ಔಟ್‌ಸಿಸ್ಟಮ್ಸ್, ಜೋಹೋ ಕ್ರಿಯೇಟರ್ ಥರದ ಲೋ-ಕೋಡ್ (ಎಳೆದು ಬಿಟ್ಟು ಜೋಡಿಸುವ) ಪ್ಲಾಟ್‌ಫಾರ್ಮ್‌ನಲ್ಲಿ ಹೊಸದಾಗಿ ಕಟ್ಟಿ ಎನ್ನುತ್ತಾರೆ. ಹೋಲಿಕೆ ಪಟ್ಟಿಗಳನ್ನು ನೋಡಿದರೆ ಎಲ್ಲದರ ಮುಂದೆಯೂ ಎಲ್ಲಾ ಕಾಲಂನಲ್ಲೂ ಹಸಿರು ಟಿಕ್. ಅದರಿಂದ ಏನು ತಿಳಿಯಬೇಕು? ನಿಜವಾಗಿ ಬಳಸಿದವರು ಹೇಳಿ.

ರಾತ್ರಿಪಾಳಿ:

ಮೊದಲು ಒಂದು ಮಾತು. ನೀವು ಹೋಲಿಸುತ್ತಿರುವುದು ಒಂದೇ ಜಾತಿಯ ವಸ್ತುಗಳನ್ನಲ್ಲ. ಖಾಲಿ ಸೈಟು, ಬಾಡಿಗೆ ಮನೆ, ಹೋಟೆಲ್ ರೂಮು ಮೂರನ್ನೂ ಒಂದೇ ಪಟ್ಟಿಗೆ ಹಾಕಿ ಯಾವುದು ಒಳ್ಳೆಯದು ಎಂದು ಕೇಳಿದ ಹಾಗಿದೆ.

2006ರಲ್ಲಿ ಅಮೆಜಾನ್ ಎಸ್3 ಮತ್ತು ಇಸಿ2 ತಂದಾಗ ಕೊಟ್ಟಿದ್ದು ಜಾಗ ಮತ್ತು ಯಂತ್ರ. ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್‌ನಿಂದ ಹಿಡಿದು ಎಲ್ಲವೂ ನಿಮ್ಮ ತಲೆ ಮೇಲೆ. 2008ರಲ್ಲಿ ಗೂಗಲ್ ಆ್ಯಪ್ ಎಂಜಿನ್ ಬಂದಾಗ ಮಾತು ಬೇರೆಯಾಯಿತು: ಕೋಡ್ ಕೊಡಿ, ಯಂತ್ರದ ಚಿಂತೆ ನಮಗೆ ಬಿಡಿ, ಆದರೆ ನಾವು ಹೇಳಿದ ಹಾಗೆ ಬರೆಯಬೇಕು. ಶುರುವಿನಲ್ಲಿ ಅದರಲ್ಲಿ ಪೈಥಾನ್ ಒಂದೇ ಇತ್ತು, ಡೇಟಾಬೇಸ್ ಕೂಡ ಅವರದೇ. ಹೆರೋಕು, ಅಜೂರ್ ಆ್ಯಪ್ ಸರ್ವೀಸ್, ಗೂಗಲ್‌ನ ಕ್ಲೌಡ್ ರನ್ ಎಲ್ಲವೂ ಹೆಚ್ಚುಕಡಿಮೆ ಈ ಕಡೆಯವು, ಕಟ್ಟುಪಾಡು ಮಾತ್ರ ಈಗ ಸಡಿಲ. ಲೋ-ಕೋಡ್ ಇನ್ನೂ ಒಂದು ಹೆಜ್ಜೆ ಮುಂದೆ, ಅಲ್ಲಿ ಕೋಡ್ ಬರೆಯುವ ಕೆಲಸವನ್ನೂ ಅವರಿಗೇ ಕೊಟ್ಟ ಹಾಗೆ. ಕೆಲಸ ಕೊಟ್ಟಷ್ಟೂ ಹಿಡಿತ ಹೋಗುತ್ತದೆ, ಇಷ್ಟೇ ಲೆಕ್ಕ.

ಆದ್ದರಿಂದ ಕಂಪನಿ ಹೆಸರು ಆಮೇಲೆ. ರಾತ್ರಿ ಎರಡಕ್ಕೆ ಡಿಸ್ಕ್ ತುಂಬಿತು ಎಂದರೆ ನಿಮ್ಮ ಮೂವರಲ್ಲಿ ಏಳುವವರು ಯಾರು? ಯಾರೂ ಇಲ್ಲ ಎಂದಾದರೆ ಬರೀ ವಿಎಂ (ವರ್ಚುವಲ್ ಮೆಷಿನ್, ಪೂರ್ತಿ ನೀವೇ ನೋಡಿಕೊಳ್ಳಬೇಕಾದ ಯಂತ್ರ) ಬಾಡಿಗೆಗೆ ತಗೊಳ್ಳಬೇಡಿ. ಮೂಲೆಯಲ್ಲಿದ್ದ ಸರ್ವರ್ ಬೇರೆಯವರ ಕಟ್ಟಡಕ್ಕೆ ಹೋಗುತ್ತದೆ, ಅಷ್ಟೇ.

ಇನ್ನೊಂದು, ತಿಂಗಳ ಕೊನೆಯ ರಿಪೋರ್ಟ್ ಎಂದಿರಲ್ಲ, ಒಂದು ರಿಪೋರ್ಟ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ? ಇದು ನೋಡಲು ಸಣ್ಣದು, ಆದರೆ ಪ್ಲಾಟ್‌ಫಾರ್ಮ್ ಆಯ್ಕೆಯನ್ನೇ ತಿರುಗಿಸಿ ಹಾಕುತ್ತದೆ. ಹೆರೋಕುವಿನಲ್ಲಿ 30 ಸೆಕೆಂಡಿನೊಳಗೆ ಉತ್ತರ ಶುರುವಾಗದಿದ್ದರೆ ರೂಟರ್ ಆ ವಿನಂತಿಯನ್ನು ಕತ್ತರಿಸಿ ಹಾಕುತ್ತದೆ. ಅಜೂರ್ ಆ್ಯಪ್ ಸರ್ವೀಸ್‌ನಲ್ಲಿ 230 ಸೆಕೆಂಡ್. ಎಡಬ್ಲ್ಯೂಎಸ್‌ನ ಲ್ಯಾಂಬ್ಡಾ ಫಂಕ್ಷನ್ (ಕರೆದಾಗ ಮಾತ್ರ ಓಡುವ ಸಣ್ಣ ಕೋಡ್) 15 ನಿಮಿಷಕ್ಕಿಂತ ಜಾಸ್ತಿ ಓಡುವುದಿಲ್ಲ. ಕ್ಲೌಡ್ ರನ್ ಸುಮ್ನೆ ಬಿಟ್ಟರೆ 5 ನಿಮಿಷ, ಸೆಟ್ಟಿಂಗ್ ಬದಲಿಸಿದರೆ 60 ನಿಮಿಷದ ತನಕ ಕಾಯುತ್ತದೆ. ಯಾವ ಹಸಿರು ಟಿಕ್ ಪಟ್ಟಿಯಲ್ಲೂ ಈ ಸಂಖ್ಯೆಗಳು ಇರುವುದಿಲ್ಲ, ನೋಡಿ ಬೇಕಿದ್ದರೆ.

ಬಿಲ್‌ನೋಡಿಬೆವೆತವ:

ಮೇಲಿನವರು ಕೆಲಸದ ಮಾತು ಹೇಳಿದರು, ನಾನು ದುಡ್ಡಿನ ಮಾತು ಹೇಳುತ್ತೇನೆ.

ನಾವು ಒಂದು ದೊಡ್ಡ ಕ್ಲೌಡ್‌ಗೆ ಹೋದೆವು, ಹೆಸರು ಬೇಡ. ಮೊದಲ ತಿಂಗಳ ಬಿಲ್ ನಮ್ಮ ಅಂದಾಜಿನ ಮೂರು ಪಟ್ಟು ಬಂತು. ಅಪ್ಲಿಕೇಶನ್ ಓಡುತ್ತಿದ್ದ ಯಂತ್ರದ ಖರ್ಚು ನಾವು ಅಂದುಕೊಂಡಷ್ಟೇ ಇತ್ತು, ಅದರಲ್ಲಿ ಮೋಸ ಇಲ್ಲ. ದುಡ್ಡು ತಿಂದಿದ್ದು ಅಕ್ಕಪಕ್ಕದವು. ಪ್ರೈವೇಟ್ ನೆಟ್‌ವರ್ಕ್‌ನಿಂದ ಹೊರಗೆ ಹೋಗುವ ದಾರಿಗೆ ಗಂಟೆ ಲೆಕ್ಕ ಬೇರೆ, ಅದರ ಮೂಲಕ ಹೋದ ಪ್ರತಿ ಗಿಗಾಬೈಟ್‌ಗೆ ಬೇರೆ, ಮತ್ತು ನಮ್ಮ ಬ್ಯಾಕಪ್ ಸ್ಕ್ರಿಪ್ಟ್ ಇಡೀ ಡೇಟಾಬೇಸ್ ಡಂಪನ್ನು ದಿನಾ ಅದೇ ದಾರಿಯಲ್ಲಿ ಸಾಗಿಸುತ್ತಿತ್ತು. ಲಾಗ್‌ಗಳನ್ನು ಎಷ್ಟು ದಿನ ಇಡಬೇಕು ಎಂದು ನಾವು ಹೇಳಿರಲಿಲ್ಲ, ಹೇಳದಿದ್ದರೆ ಶಾಶ್ವತವಾಗಿ ಇಟ್ಟುಕೊಳ್ಳುತ್ತಾರೆ, ಇಟ್ಟುಕೊಂಡಿದ್ದಕ್ಕೆ ಬಾಡಿಗೆ. ಟೆಸ್ಟಿಂಗ್‌ಗೆ ಅಂತ ಎಬ್ಬಿಸಿದ ಡೇಟಾಬೇಸ್ ಯಾರೂ ಮುಟ್ಟದೆ ತಿಂಗಳಿಡೀ ಓಡಿತು.

ಬಜೆಟ್ ಅಲರ್ಟ್ ಇಟ್ಟಿದ್ದೆವಲ್ಲ ಎನ್ನಬೇಡಿ. ಅದು ಬರೀ ಮೇಲ್ ಕಳಿಸುತ್ತದೆ. ನೀವೇ ಬೇರೆ ವ್ಯವಸ್ಥೆ ಮಾಡಿಕೊಳ್ಳದ ಹೊರತು ಖರ್ಚು ತಾನಾಗಿ ನಿಲ್ಲುವುದಿಲ್ಲ. ಆ ಮೇಲ್ ಹೋಗಿದ್ದು ಕೆಲಸ ಬಿಟ್ಟು ಹೋದವರ ಇನ್‌ಬಾಕ್ಸ್‌ಗೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ಮೇಲ್ ಐಡಿ ಬದಲಿಸಿದೆವು.

ಇಂಥ ಸಣ್ಣ ಸಣ್ಣ ಮುಳ್ಳುಗಳು ಎಲ್ಲಾ ಕಡೆ ಇವೆ. ಎಡಬ್ಲ್ಯೂಎಸ್‌ನಲ್ಲಿ ಆರ್‌ಡಿಎಸ್ (ಅವರೇ ನೋಡಿಕೊಳ್ಳುವ) ಡೇಟಾಬೇಸ್ ನಿಲ್ಲಿಸಿದರೆ 7 ದಿನ ಆದ ಮೇಲೆ ಅದು ತಾನೇ ಮತ್ತೆ ಎದ್ದು ಕೂರುತ್ತದೆ, ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಆದರೆ ಓದಿದವರು ಎಷ್ಟು ಜನ? 2024ರ ಫೆಬ್ರವರಿಯಿಂದ ಅಲ್ಲಿ ಇಂಟರ್ನೆಟ್‌ಗೆ ಕಾಣುವ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ದುಡ್ಡು, ಬಳಕೆಯಲ್ಲಿ ಇರಲಿ ಬಿಡಲಿ.

ನಿಮ್ಮ 150 ಜನಕ್ಕೆ ದೊಡ್ಡ ಕ್ಲೌಡ್ ಬೇಡ ಎಂದು ನಾನು ಹೇಳುತ್ತಿಲ್ಲ. ಹೋದರೆ ಮೂವರಲ್ಲಿ ಒಬ್ಬರು ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಬಿಲ್ ಪುಟ ತೆಗೆದು ಸಾಲು ಸಾಲಾಗಿ ಓದಲೇಬೇಕು. ಬೇಜಾರಿನ ಕೆಲಸ. ಯಾರೂ ಮಾಡುವುದಿಲ್ಲ, ನಾವೂ ಮಾಡಿರಲಿಲ್ಲ.

ಎಳೆದುಬಿಟ್ಟಬಟನ್:

ಲೋ-ಕೋಡ್ ಅಂದ ತಕ್ಷಣ ಎಲ್ಲರೂ ಮೂಗು ಮುರಿಯುತ್ತಾರೆ, ಅದಕ್ಕೆ ನಾನು ಬಂದೆ. ಆರು ವರ್ಷದಿಂದ ಇದೇ ಕೆಲಸ ನನ್ನದು, ಆದ್ದರಿಂದ ನನ್ನ ಮಾತಿಗೆ ಸ್ವಲ್ಪ ಉಪ್ಪು ಖಾರ ನೀವೇ ಕಡಿಮೆ ಮಾಡಿಕೊಂಡು ಓದಿ.

ಬಿಲ್ ಅಪ್ರೂವಲ್ ಥರದ ಕೆಲಸಕ್ಕೆ ಇದಕ್ಕಿಂತ ಬೇಗ ಆಗುವುದು ಬೇರೆ ಇಲ್ಲ. ಒಂದು ಫಾರ್ಮ್, ಇಬ್ಬರ ಒಪ್ಪಿಗೆ, ಒಂದು ಮೇಲ್. ನೀವು ಜಾಂಗೋದಲ್ಲಿ ಎರಡು ವಾರ ಬರೆಯುವುದನ್ನು ನಾನು ಎರಡು ದಿನದಲ್ಲಿ ಮಾಡಿ ಕೊಡುತ್ತೇನೆ, ಲಾಗಿನ್, ಮೊಬೈಲ್ ಪರದೆ, ಯಾರು ಯಾವಾಗ ಒತ್ತಿದರು ಎಂಬ ದಾಖಲೆ ಎಲ್ಲಾ ಸೇರಿ. ಅಕೌಂಟ್ಸ್ ವಿಭಾಗದವರೇ ಕೂತು ಫಾರ್ಮ್ ಬದಲಿಸಿಕೊಳ್ಳುವುದನ್ನು ನೋಡಿದ್ದೇನೆ.

ಆದರೆ ಸ್ಟಾಕ್ ಬೇರೆ ಮಾತು. ಪವರ್ ಆ್ಯಪ್ಸ್‌ನಲ್ಲಿ ನೀವು ಬರೆದ ಸೋಸುವ ಸೂತ್ರವನ್ನು ಡೇಟಾ ಇರುವ ಕಡೆಗೇ ಕಳಿಸಲು ಆಗದಿದ್ದರೆ, ಮೊದಲ 500 ಸಾಲು ಮಾತ್ರ ಈ ಕಡೆ ತಂದು ಅದರಲ್ಲೇ ಹುಡುಕುತ್ತದೆ. ಸೆಟ್ಟಿಂಗ್ ಏರಿಸಿದರೆ 2000, ಅದರ ಮೇಲೆ ಇಲ್ಲ. ಬರೆಯುವವರಿಗೆ ಒಂದು ಹಳದಿ ಎಚ್ಚರಿಕೆ ಕಾಣುತ್ತದೆ. ಬಳಸುವವರಿಗೆ ಎರರ್ ಏನೂ ಬರುವುದಿಲ್ಲ, ತಪ್ಪು ಮೊತ್ತ ಬರುತ್ತದೆ. ಎರರ್ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರಾಟ ವಿಭಾಗದವರು ಬಳಸುವ ಸೇಲ್ಸ್‌ಫೋರ್ಸ್ ಹೆಸರು ನೀವು ತೆಗೆಯಲಿಲ್ಲ, ಆದರೆ ಯಾರಾದರೂ ತೆಗೆಯುತ್ತಾರೆ. ಅಲ್ಲಿ ಏಪೆಕ್ಸ್ ಎಂಬ ಅವರದೇ ಭಾಷೆ. ಒಂದು ಟ್ರಾನ್ಸಾಕ್ಷನ್‌ನಲ್ಲಿ ಡೇಟಾಬೇಸ್‌ಗೆ 100 ಕ್ವೆರಿಗಿಂತ (ಪ್ರಶ್ನೆಗಿಂತ) ಜಾಸ್ತಿ ಬಿಡುವುದಿಲ್ಲ. ಬರೆದ ಕೋಡಿನಲ್ಲಿ ಕನಿಷ್ಠ ಶೇ. 75 ಭಾಗಕ್ಕೆ ಟೆಸ್ಟ್ ಇಲ್ಲದಿದ್ದರೆ ಪ್ರೊಡಕ್ಷನ್‌ಗೆ (ನಿಜವಾದ ಬಳಕೆಗೆ) ಹಾಕಲೂ ಬಿಡುವುದಿಲ್ಲ. ಮೊದಲು ಬೈದುಕೊಂಡೆ, ಈಗ ಒಳ್ಳೆಯದೇ ಅನ್ನಿಸುತ್ತದೆ. ಮಾರಾಟ ವಿಭಾಗ ಮೊದಲೇ ಅದರಲ್ಲಿ ಇದ್ದರೆ ಅಲ್ಲೇ ಕಟ್ಟಿ. ಇಲ್ಲದಿದ್ದರೆ ಬರೀ ಸ್ಟಾಕ್ ಲೆಕ್ಕಕ್ಕೆ ಅಲ್ಲಿಗೆ ಹೋಗಬೇಡಿ.

ಲೈಸೆನ್ಸ್ ಲೆಕ್ಕವನ್ನೂ ಮರೆಯಬೇಡಿ. ಇವುಗಳಲ್ಲಿ ಹೆಚ್ಚಿನವು ತಲೆಗೆ ಇಷ್ಟು ಎಂದು ಎಣಿಸುತ್ತವೆ. ತಿಂಗಳಿಗೆ ಒಂದೇ ಸಲ ಲಾಗಿನ್ ಆಗುವವರೂ ಒಂದು ತಲೆಯೇ.

ಹಳೇಸರ್ವರ್:

ನಿಷ್ಠುರವಾಗಿ ಹೇಳುತ್ತೇನೆ, ಬೇಜಾರು ಬೇಡ.

ಲೋ-ಕೋಡ್‌ನಲ್ಲಿ ಕಟ್ಟಿದ್ದನ್ನು ನೀವು ಹೊತ್ತುಕೊಂಡು ಬೇರೆ ಕಡೆ ಹೋಗಲಾರಿರಿ. ಗೂಗಲ್ ಆ್ಯಪ್ ಮೇಕರ್ ಎಂದು ಒಂದಿತ್ತು, ಒಳಗಿನ ಕೆಲಸದ ಅಪ್ಲಿಕೇಶನ್ ಕಟ್ಟಲೆಂದೇ ಮಾಡಿದ್ದು. 2021ರ ಜನವರಿ 19ಕ್ಕೆ ಬಾಗಿಲು ಹಾಕಿದರು. ಡೇಟಾ ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ ಇದ್ದವರಿಗೆ ಡೇಟಾ ಉಳಿಯಿತು, ಅಪ್ಲಿಕೇಶನ್ ಮಾತ್ರ ಎಲ್ಲರೂ ಮೊದಲಿಂದ ಬರೆಯಬೇಕಾಯಿತು. ಅದಕ್ಕೂ ಮೊದಲು ಮೊಬೈಲ್ ಅಪ್ಲಿಕೇಶನ್‌ಗಳಿಗೆ ಸರ್ವರ್ ಭಾಗ ಕೊಡುವ ಪಾರ್ಸ್ ಇತ್ತು, ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡು 2016ರ ಜನವರಿಯಲ್ಲಿ ಮುಚ್ಚುತ್ತೇವೆ ಎಂದಿತು, ಒಂದು ವರ್ಷ ಗಡುವು ಕೊಟ್ಟಿತು. ಅವರು ಸರ್ವರ್ ಕೋಡನ್ನು ಓಪನ್ ಸೋರ್ಸ್ ಮಾಡಿದ್ದರಿಂದ ಜನ ಬಚಾವಾದರು. ಎಲ್ಲರೂ ಅಷ್ಟು ಧಾರಾಳ ಇರುವುದಿಲ್ಲ.

ಅದೇ ಜಾಂಗೋ ಮತ್ತು ಪೋಸ್ಟ್‌ಗ್ರೆಸ್ ನೋಡಿ. ನಾಳೆ ಯಾರ ಮೇಲೆ ಸಿಟ್ಟು ಬಂದರೂ ಒಂದು ಡಂಪ್, ಒಂದು ಡಾಕರ್‌ಫೈಲ್ (ಅಪ್ಲಿಕೇಶನ್ ಎಬ್ಬಿಸುವ ಸೂಚನೆಗಳ ಫೈಲ್), ಹೊರಟೆ. ಡೇಟಾ ಹೊರಗೆ ಒಯ್ಯಲು ಹಾಕುತ್ತಿದ್ದ ಶುಲ್ಕವನ್ನೂ ಪೂರ್ತಿ ಬಿಟ್ಟು ಹೋಗುವವರಿಗೆ 2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂವರೂ ಕೈಬಿಟ್ಟರು. ಹಾಗೆಂದು ಆ ಕಂಪನಿಯಲ್ಲಿ ಮಾತ್ರ ಸಿಗುವ ಡೇಟಾಬೇಸ್‌ಗೆ ಕೋಡ್ ಕಟ್ಟಿಹಾಕಿದರೆ ಶುಲ್ಕ ಇಲ್ಲದಿದ್ದರೂ ಹೊರಡಲಾಗುವುದಿಲ್ಲ.

ಇನ್ನು ಯಾರಾದರೂ ಬಂದು ಕುಬರ್ನೆಟಿಸ್ (ಅನೇಕ ಯಂತ್ರಗಳ ಮೇಲೆ ಅಪ್ಲಿಕೇಶನ್ ಹಂಚಿ ಓಡಿಸುವ ವ್ಯವಸ್ಥೆ) ಎನ್ನುತ್ತಾರೆ, ಖಂಡಿತ ಬರುತ್ತಾರೆ. 150 ಜನಕ್ಕೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಮೂರು ಜನರ ತಂಡದಲ್ಲಿ ಒಂದೂವರೆ ಜನ ಅದನ್ನು ನೋಡಿಕೊಳ್ಳುವುದಕ್ಕೇ ಬೇಕು.

ನನ್ನ ಪ್ರಕಾರ ಒಂದು ಒಳ್ಳೆಯ ವಿಎಂ ಸಾಕು. ಬ್ಯಾಕಪ್ ಬೇರೆ ಊರಿನ ಡೇಟಾ ಸೆಂಟರ್‌ನಲ್ಲಿ ಇರಲಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಹೋಯಿತು. ಬ್ಯಾಕಪ್ ಕೂಡ ಅಲ್ಲೇ ಇಟ್ಟಿದ್ದವರದ್ದು ಎರಡೂ ಹೋಯಿತು. ಕ್ಲೌಡ್‌ನಲ್ಲಿದೆ ಎಂದರೆ ಯಾವುದೋ ಒಂದು ಕಟ್ಟಡದಲ್ಲಿದೆ ಎಂದೇ ಅರ್ಥ.

ರಾತ್ರಿಪಾಳಿ:

@ಹಳೇಸರ್ವರ್ ಉಳಿದಿದ್ದೆಲ್ಲ ಒಪ್ಪಿದೆ, ವಿಎಂ ಸಾಕು ಎಂಬುದು ಬಿಟ್ಟು. ನಿಮಗೆ ಸಾಕು, ಯಾಕೆಂದರೆ ನೀವು ಇಪ್ಪತ್ತು ವರ್ಷ ಅದನ್ನೇ ಮಾಡಿದವರು. ಅವರು "ಅಷ್ಟಕ್ಕಷ್ಟೆ" ಎಂದು ಅವರೇ ಬರೆದಿದ್ದಾರೆ.

ಹಳೇಸರ್ವರ್:

ಕಲಿಯಲಿ ಬಿಡಿ. ನಾನೂ ಹುಟ್ಟುತ್ತಲೇ ಕಲಿತು ಬಂದಿರಲಿಲ್ಲ.

ಬಿಲ್‌ನೋಡಿಬೆವೆತವ:

ಕಲಿಯುವುದು ಪ್ರೊಡಕ್ಷನ್ ಡೇಟಾಬೇಸ್ ಮೇಲೆ ಬೇಡ ಸ್ವಾಮಿ.

ಗೊಂದಲದಗೂಡು:

ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೇಳಿದ್ದಕ್ಕೆ ಒಂದೊಂದಾಗಿ ಹೇಳುತ್ತೇನೆ.

ರಿಪೋರ್ಟ್ ಅಳೆದು ನೋಡಿದೆ, ದೊಡ್ಡದಕ್ಕೆ 12 ನಿಮಿಷ. ಇಷ್ಟು ದಿನ ಬ್ರೌಸರ್ ತೆರೆದು ಕೂತು ಕಾಯುತ್ತಿದ್ದರು, ನಾವು ವೆಬ್ ಸರ್ವರ್‌ನ ಟೈಮ್‌ಔಟ್ ಏರಿಸುತ್ತಾ ಏರಿಸುತ್ತಾ ಬಂದಿದ್ದೇವೆ, ನಾಚಿಕೆ ಆಗುತ್ತದೆ ಹೇಳಲು. ಸ್ಟಾಕ್ ಟೇಬಲ್‌ನಲ್ಲಿ 40 ಲಕ್ಷ ಸಾಲು ಇವೆ, ಹಾಗಾಗಿ 2000 ಸಾಲಿನ ಕಥೆ ಓದಿದ ಮೇಲೆ ಲೋ-ಕೋಡ್ ಆಸೆ ಬಿಟ್ಟೆವು, ಕಡೇ ಪಕ್ಷ ಸ್ಟಾಕ್‌ಗೆ. ಸ್ಕ್ಯಾನ್ ಮಾಡಿದ ಬಿಲ್‌ಗಳೆಲ್ಲ ಸರ್ವರ್ ಡಿಸ್ಕ್‌ನಲ್ಲೇ ಒಂದು ಫೋಲ್ಡರ್‌ನಲ್ಲಿವೆ. ಎಲ್ಲರಿಗೂ ಮೈಕ್ರೋಸಾಫ್ಟ್ ಅಕೌಂಟ್ ಇದೆ, ಮೇಲ್ ಅದರಲ್ಲೇ. ಮತ್ತೆ ರಾತ್ರಿ ಏಳುವವರು ಯಾರು ಎಂದು ಮೂವರೂ ಮುಖ ಮುಖ ನೋಡಿಕೊಂಡೆವು. ಬೆಕ್ಕಿಗೆ ಗಂಟೆ ಕಟ್ಟಲು ಯಾರೂ ಒಪ್ಪಲಿಲ್ಲ.

ರಾತ್ರಿಪಾಳಿ:

ಹಾಗಾದರೆ ದಾರಿ ಸುಮಾರು ಕಾಣುತ್ತಿದೆ.

ಆ 12 ನಿಮಿಷವನ್ನು ಮೊದಲು ವೆಬ್ ವಿನಂತಿಯಿಂದ ಬಿಡಿಸಿ. ಬಟನ್ ಒತ್ತಿದರೆ ಕೆಲಸ ಸರದಿಗೆ ಸೇರಬೇಕು, ಹಿಂದೆ ಒಂದು ವರ್ಕರ್ ಅದನ್ನು ಮಾಡಬೇಕು, ಮುಗಿದಾಗ ಮೇಲ್ ಹೋಗಬೇಕು. ಜಾಂಗೋ ಜೊತೆ ಈ ಕೆಲಸಕ್ಕೆ ಸೆಲರಿ ಎಂಬ ಸಾಧನ ಬಳಸಿದವರು ಸಾವಿರ ಜನ ಸಿಗುತ್ತಾರೆ. ಇದನ್ನು ಈಗಿನ ಸರ್ವರ್‌ನಲ್ಲೇ ಮಾಡಿ ಮುಗಿಸಿ, ಆಮೇಲೆ ಯಾವ ಪ್ಲಾಟ್‌ಫಾರ್ಮ್‌ನ ಟೈಮ್‌ಔಟ್‌ಗೂ ಹೆದರಬೇಕಿಲ್ಲ. ಅದು ಮುಗಿಯುವ ಹೊತ್ತಿಗೆ ಆ ಕ್ವೆರಿಯಲ್ಲಿ ಒಂದು ಇಂಡೆಕ್ಸ್ (ಡೇಟಾಬೇಸ್ ಬೇಗ ಹುಡುಕಲು ಇಟ್ಟುಕೊಳ್ಳುವ ಸೂಚಿ) ಇಲ್ಲದ್ದು ಕಣ್ಣಿಗೆ ಬಿದ್ದು 12 ನಿಮಿಷ ಎರಡು ನಿಮಿಷ ಆದರೂ ನನಗೆ ಆಶ್ಚರ್ಯ ಇಲ್ಲ.

ಎರಡನೆಯದು ಆ ಫೋಲ್ಡರ್. ಹೆರೋಕುವಿನಲ್ಲಿ ಡೈನೋ (ನಿಮ್ಮ ಕೋಡ್ ಓಡುವ ಕಂಟೈನರ್) ದಿನಕ್ಕೆ ಒಮ್ಮೆಯಾದರೂ ರಿಸ್ಟಾರ್ಟ್ ಆಗುತ್ತದೆ, ಆಗ ಡಿಸ್ಕ್‌ಗೆ ಬರೆದದ್ದೆಲ್ಲ ಮಾಯ. ಕ್ಲೌಡ್ ರನ್‌ನಲ್ಲೂ ಕಂಟೈನರ್ ಒಳಗೆ ಬರೆದದ್ದು ಉಳಿಯುವುದಿಲ್ಲ, ಮೇಲಾಗಿ ಅದು ಮೆಮೊರಿಯನ್ನೇ ತಿನ್ನುತ್ತದೆ. ಸ್ಕ್ಯಾನ್‌ಗಳು ಎಸ್3 ಅಥವಾ ಅಜೂರ್‌ನ ಬ್ಲಾಬ್ ಸ್ಟೋರೇಜ್ ಥರದ ಫೈಲ್ ಇಡುವ ಜಾಗಕ್ಕೆ ಹೋಗಲಿ.

ಇವೆರಡು ಆದ ಮೇಲೆ ನೀವು ಎಲ್ಲಿಗೆ ಹೋದರೂ ನಡೆಯುತ್ತದೆ. ನಿಮ್ಮ ಲಾಗಿನ್ ಮೈಕ್ರೋಸಾಫ್ಟ್‌ನಲ್ಲಿ ಇರುವುದರಿಂದ ನಾನಾಗಿದ್ದರೆ ಅಜೂರ್ ಆ್ಯಪ್ ಸರ್ವೀಸ್, ಜೊತೆಗೆ ಅವರೇ ನೋಡಿಕೊಳ್ಳುವ ಪೋಸ್ಟ್‌ಗ್ರೆಸ್ ತಗೊಳ್ಳುತ್ತಿದ್ದೆ. ಕ್ಲೌಡ್ ರನ್‌ಗೂ ಆ ಲಾಗಿನ್ ಜೋಡಿಸಬಹುದು, ಕಷ್ಟ ಏನಿಲ್ಲ. ಆದರೆ ಕೆಲಸ ಬಿಟ್ಟು ಹೋದವರ ಅಕೌಂಟ್ ಮುಚ್ಚಿದಾಗ ಅಪ್ಲಿಕೇಶನ್ನೂ, ಕ್ಲೌಡ್ ಕನ್ಸೋಲೂ ಒಟ್ಟಿಗೇ ಮುಚ್ಚುವುದು ಮೂರು ಜನರ ತಂಡಕ್ಕೆ ದೊಡ್ಡ ನೆಮ್ಮದಿ. ಅಜೂರ್ ಪೋರ್ಟಲ್ ಮಾತ್ರ ಒಂದು ಕಾಡು. ಒಂದೇ ಸೆಟ್ಟಿಂಗ್‌ಗೆ ಮೂರು ಕಡೆಯಿಂದ ದಾರಿ, ಮೂರೂ ಕಡೆ ಬೇರೆ ಬೇರೆ ಹೆಸರು.

ಡಿಪ್ಲಾಯ್‌ಮೆಂಟ್ ಸ್ಲಾಟ್ ಎಂದು ಒಂದು ಕೊಡುತ್ತಾರೆ, ಹೊಸ ಆವೃತ್ತಿಯನ್ನು ಪಕ್ಕದಲ್ಲಿ ಎಬ್ಬಿಸಿ ಅದಲು ಬದಲು ಮಾಡುವುದು. ಅದು ಸ್ಟ್ಯಾಂಡರ್ಡ್ ದರ್ಜೆಯಿಂದ ಮೇಲೆ ಮಾತ್ರ ಸಿಗುತ್ತದೆ. ನೆನಪಿಡಿ, ಕೋಡ್ ಅದಲು ಬದಲಾಗುತ್ತದೆ, ಡೇಟಾಬೇಸ್ ಆಗುವುದಿಲ್ಲ. ಒಂದು ಕಾಲಂ ತೆಗೆದು ಹಾಕುವ ಮೈಗ್ರೇಶನ್ (ಡೇಟಾಬೇಸ್ ರಚನೆ ಬದಲಿಸುವ ಸ್ಕ್ರಿಪ್ಟ್) ಓಡಿಸಿ, ಆಮೇಲೆ ಹಳೇ ಕೋಡ್‌ಗೆ ವಾಪಸ್ ಬಂದರೆ ಅದು ಇಲ್ಲದ ಕಾಲಂ ಹುಡುಕುತ್ತಾ ಬೀಳುತ್ತದೆ.

ಎಳೆದುಬಿಟ್ಟಬಟನ್:

ಅಪ್ರೂವಲ್ ಭಾಗವನ್ನು ಮಾತ್ರ ಪವರ್ ಆ್ಯಪ್ಸ್‌ನಲ್ಲಿ ಮಾಡಿ, ಸ್ಟಾಕ್ ಜಾಂಗೋದಲ್ಲೇ ಇರಲಿ. ಜಗಳ ಬೇಡ, ಎರಡೂ ಬದುಕುತ್ತವೆ.

ಬಿಲ್‌ನೋಡಿಬೆವೆತವ:

ಒಂದು ವರ್ಷ ಬಿಟ್ಟು ಮಾಡಲಿ. ಒಮ್ಮೆಗೇ ಎರಡು ಹೊಸ ಜಾಗ ಕಲಿಯುವುದು ಬೇಡ.

ಮತ್ತೆ ಅಜೂರ್ ಆ್ಯಪ್ ಸರ್ವೀಸ್ ಬೀಳದೆ ಓಡುತ್ತದೆ ಎಂದು ಕೊಡುವ ಆ 99.95 ಶೇಕಡಾ ಭರವಸೆ ನೋಡಿ ಮೇಲಿನವರಿಗೆ ಮಾತು ಕೊಟ್ಟುಬಿಡಬೇಡಿ. ಅದರ ಪ್ರಕಾರವೇ ತಿಂಗಳಿಗೆ ಸುಮಾರು 22 ನಿಮಿಷ ಬಿದ್ದಿರಬಹುದು. ಅದಕ್ಕಿಂತ ಜಾಸ್ತಿ ಬಿದ್ದರೆ ಅವರ ಬಿಲ್‌ನಲ್ಲಿ ಸ್ವಲ್ಪ ಕಡಿತ ಕೊಡುತ್ತಾರೆ, ನಿಮ್ಮ ನಿಂತ ಕೆಲಸದ ನಷ್ಟ ಯಾರೂ ಕಟ್ಟಿಕೊಡುವುದಿಲ್ಲ. 2017ರ ಫೆಬ್ರವರಿ 28ರಂದು ಎಸ್3 ಗಂಟೆಗಟ್ಟಲೆ ಬಿತ್ತಲ್ಲ, ಕಾರಣ ಒಂದು ಕಮಾಂಡ್‌ನಲ್ಲಿ ತಪ್ಪಾಗಿ ಕೊಟ್ಟ ಒಂದು ಇನ್‌ಪುಟ್ ಎಂದು ಅಮೆಜಾನ್‌ನವರೇ ಬರೆದರು. ಅಂಥವರಿಗೇ ಕೈ ತಪ್ಪುತ್ತದೆ.

ಹಳೇಸರ್ವರ್:

ಸರಿ, ವಿಎಂ ಬೇಡ, ಸೋತೆ. ಆದರೆ ಒಂದು ಕೆಲಸ ಮಾಡಿ. ಅಜೂರ್ ಪೋಸ್ಟ್‌ಗ್ರೆಸ್ ಬ್ಯಾಕಪ್ಪನ್ನು ಸುಮ್ನೆ ಬಿಟ್ಟರೆ 7 ದಿನ ಇಡುತ್ತದೆ, 35 ದಿನದ ತನಕ ಏರಿಸಬಹುದು. ಅದನ್ನು ನಂಬಿ ಕೂರುವ ಮೊದಲು ಒಮ್ಮೆ ರಿಸ್ಟೋರ್ ಮಾಡಿ ನೋಡಿ. ಪೂರ್ತಿ. ಖಾಲಿ ಜಾಗದಲ್ಲಿ ಡೇಟಾಬೇಸ್ ಎಬ್ಬಿಸಿ, ಅಪ್ಲಿಕೇಶನ್ ಎಬ್ಬಿಸಿ, ಒಬ್ಬ ಬಳಕೆದಾರ ಲಾಗಿನ್ ಆಗಿ ಒಂದು ಆರ್ಡರ್ ಹಾಕುವ ತನಕ. ಗಡಿಯಾರ ಹಿಡಿದು.

ಗೊಂದಲದಗೂಡು:

ಎರಡು ವಾರ ಆಯಿತು, ಏನಾಯಿತು ಎಂದು ಹೇಳಲು ಬಂದೆ.

ಸೆಲರಿ ಹಾಕಿದೆವು. ಇಂಡೆಕ್ಸ್ ಮಾತು ನಿಜವೇ ಆಯಿತು, ರಿಪೋರ್ಟ್ ಈಗ 3 ನಿಮಿಷ. ಸ್ಕ್ಯಾನ್ ಫೋಲ್ಡರ್ ಇನ್ನೂ ಸಾಗಿಸುತ್ತಿದ್ದೇವೆ. ಅಜೂರ್‌ನಲ್ಲಿ ಟೆಸ್ಟಿಂಗ್‌ಗೆ ಒಂದು ಕಡೆ ಎಬ್ಬಿಸಿ, ಹಳೇಸರ್ವರ್ ಹೇಳಿದ ಹಾಗೆ ರಿಸ್ಟೋರ್ ಮಾಡಿದೆವು. ಡೇಟಾಬೇಸ್ 50 ನಿಮಿಷದಲ್ಲಿ ಬಂತು, ಖುಷಿ ಆಯಿತು. ಅಪ್ಲಿಕೇಶನ್ ಮಾತ್ರ ಏಳಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು, ಡೇಟಾಬೇಸ್ ವಿಳಾಸ ಮತ್ತು ಪಾಸ್‌ವರ್ಡ್ ಕೋಡಿನ ಒಳಗೇ ಬರೆದಿತ್ತು, ಅದು ಇನ್ನೂ ಮೂಲೆಯ ಸರ್ವರ್ ಕಡೆಗೇ ನೋಡುತ್ತಿತ್ತು.

ಹಳೇಸರ್ವರ್:

ಆ ಫೈಲ್ ಕೋಡಿನ ಹಳೇ ಆವೃತ್ತಿಗಳೆಲ್ಲ ಉಳಿಯುವ ಗಿಟ್‌ನಲ್ಲೂ ಇದೆಯಾ?

ಗೊಂದಲದಗೂಡು:

ಇದೆ. ಮೊದಲ ದಿನದಿಂದ.

ಹಳೇಸರ್ವರ್:

ಪಾಸ್‌ವರ್ಡ್ ಇವತ್ತೇ ಬದಲಿಸಿ. ಕ್ಲೌಡ್ ಮಾತು ನಾಳೆ.